ಹಗ್ಗದ ಒಳಗಿನವಳು

"ನರ್ಸಮ್ಮಾ, ಈ ಹಾಲು ಕೊಡೋ ಹಸು ಯಾವುದು ಅಂತ ಸ್ವಲ್ಪ ತೋರಿಸ್ತೀರಾ?"

"ಯಾಕೆ, ಮಿಸ್ಟರ್ ರಾಫರ್ಟಿ?"

"ಎದ್ದು ಓಡಾಡೋ ಹಾಗಾದ ದಿನ ಮೊದಲು ಅದನ್ನೇ ತಿಂದುಬಿಡ್ತೀನಿ."

ನಗಬಾರದೆಂದು ಹೆಸ್ಟರ್ ಟಾರಂಟ್ ತುಟಿ ಕಚ್ಚಿಕೊಂಡಳು. ಪಿಂಗಾಣಿ ಗಿಂಡಿಯ ಮೂತಿಯನ್ನು ಅವನ ಬಾಯಿಗಿಟ್ಟು ಕಣ್ಣನ್ನು ಮಾತ್ರ ಡೇರೆಯ ಬಟ್ಟೆಯ ಮೇಲೆ ನೆಟ್ಟಳು. ಕ್ಲೆಮ್ ರಾಫರ್ಟಿ ಹಾಲು ಕುಡಿಯುವಾಗ ಗಿಂಡಿಯ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಾನೆ. ಅವಳೂ ನೋಡಿದರೆ ಕೈ ಅಲುಗುತ್ತದೆ, ಹಾಲು ಅವನ ಗಡ್ಡಕ್ಕೆ ಚೆಲ್ಲುತ್ತದೆ. ಆಮೇಲೆ ಗಡ್ಡ ಒರೆಸಬೇಕು. ಒರೆಸುವುದು ನರ್ಸಿನ ಕೆಲಸವೇ ಆದರೂ, ಅಷ್ಟು ನಿಧಾನವಾಗಿ ಒರೆಸಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ.

"ಮುಗೀತು," ಅಂದಳು.

"ಇಷ್ಟೇನಾ? ಕುರಿಮರಿಗೂ ಇದಕ್ಕಿಂತ ಜಾಸ್ತಿ ಸಿಗುತ್ತೆ."

"ಕುರಿಮರಿ ಇಷ್ಟು ಮಾತಾಡಲ್ಲ."

ಕ್ಲೆಮ್ ಕುರಿಯ ಉಣ್ಣೆ ಕತ್ತರಿಸುವವನು. ಷೆಡ್ಡಿನಿಂದ ಷೆಡ್ಡಿಗೆ ಅಲೆಯುವ ಜೀವ, ಹಿಂದೆ ಮುಂದೆ ಯಾರೂ ಇಲ್ಲ. ಬೇಸಿಗೆಯ ಕೊನೆಯಲ್ಲಿ ಟೈಫಾಯ್ಡ್ ಹಿಡಿದು, ಉಣ್ಣೆಮೂಟೆಗಳ ಗಾಡಿಯಲ್ಲೇ ಮಲಗಿಕೊಂಡು ವಿಲ್ಗಾರಾ ಊರಿನ ಆಸ್ಪತ್ರೆಗೆ ಬಂದಿದ್ದ. ಟೈಫಾಯ್ಡಿನವರನ್ನು ಕಲ್ಲುಕಟ್ಟಡದ ಒಳಗೆ ಸೇರಿಸುತ್ತಿರಲಿಲ್ಲ. ಹಿತ್ತಲಿನ ಜೋಲುಕೊಂಬೆಯ ಪೆಪ್ಪರ್ ಮರಗಳ ಕೆಳಗೆ ದೊಡ್ಡ ಡೇರೆ, ಅದರ ಸುತ್ತ ಗೂಟ ನೆಟ್ಟು ಕಟ್ಟಿದ ಹಗ್ಗ. ನೋಡಲು ಬಂದವರು ಹಗ್ಗದ ಆಚೆ ನಿಂತೇ ಕೂಗಿ ಮಾತಾಡಬೇಕು. ರೋಗಿಯ ಜೀವಕ್ಕೆ ಅಪಾಯ ಎಂದು ಡಾಕ್ಟರೋ ಮೇಟ್ರನ್ನೋ ಹೇಳಿದಾಗ ಮಾತ್ರ ರಕ್ತಸಂಬಂಧಿಗಳನ್ನು ಒಳಗೆ ಬಿಡುತ್ತಿದ್ದರು. ಹಾಗಾಗಿ ಹಗ್ಗ ದಾಟಲು ಯಾರಿಗಾದರೂ ಅನುಮತಿ ಸಿಕ್ಕಿತೆಂದರೆ ಊರಿನ ಹೆಂಗಸರು ಕರವಸ್ತ್ರ ಹುಡುಕುತ್ತಿದ್ದರು.

ಈಗ ಡೇರೆಯಲ್ಲಿ ಉಳಿದಿದ್ದವನು ಕ್ಲೆಮ್ ಒಬ್ಬನೇ. ಜ್ವರ ಬಿಟ್ಟಿತ್ತು. ಹಸಿವು ಶುರುವಾಗಿತ್ತು.

ಹಸಿವಾಯಿತೆಂದರೆ ರೋಗಿ ಗೆದ್ದ ಎಂದು ಊರವರ ಲೆಕ್ಕ. ಹೆಸ್ಟರ್‌ಗೆ ಮಾತ್ರ ಆ ಹಸಿವನ್ನು ಕಂಡರೆ ಎದೆ ಝಲ್ಲೆನ್ನುತ್ತಿತ್ತು. ಟೈಫಾಯ್ಡ್ ಕರುಳನ್ನು ಸವೆಸಿ ಸವೆಸಿ ಹಳೆಯ ಬಟ್ಟೆಯಷ್ಟು ತೆಳ್ಳಗೆ ಮಾಡಿರುತ್ತದೆ. ಜ್ವರ ಬಿಟ್ಟ ಮೇಲೂ ಎಷ್ಟೋ ದಿನ ಹಾಲು, ಗಂಜಿನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಬಾರದು. ಗಟ್ಟಿಯಾದದ್ದು ಒಂದು ತುತ್ತು ಹೋದರೂ ಕರುಳು ಹರಿಯಬಹುದು. ಹೋದ ವರ್ಷ ಬೇಲಿ ಕಾಯುವ ಯುವಕನೊಬ್ಬನಿಗೆ ಹೆತ್ತ ತಾಯಿಯೇ ಕದ್ದು ಬೇಯಿಸಿದ ಆಲೂಗಡ್ಡೆ ತಿನ್ನಿಸಿದ್ದಳು. ಸಂಜೆಯ ಹೊತ್ತಿಗೆ ಅವನ ಕಣ್ಣು ಮುಚ್ಚಿದವಳು ಹೆಸ್ಟರ್. ಆ ತಾಯಿ "ಹಸಿದಿದ್ದ ಕಣಮ್ಮಾ, ಹಸಿದಿದ್ದ" ಎಂದು ಗೋಳಾಡಿದ್ದು ಇನ್ನೂ ಅವಳ ಕಿವಿಯಲ್ಲಿತ್ತು.

ಆ ಮಧ್ಯಾಹ್ನ ಹಗ್ಗದ ಹತ್ತಿರ ಬಾರ್ನಿ ಗಿಲ್ ಬಂದು ನಿಂತ. ಕ್ಲೆಮ್ ದುಡಿಯುತ್ತಿದ್ದ ಷೆಡ್ಡಿನ ಅಡುಗೆಯವನು. ಬೆಳ್ಳಗಿನ ಮೀಸೆ, ದೊಡ್ಡ ಹೊಟ್ಟೆ, ಕೈಯಲ್ಲಿ ಟೋಪಿ.

"ಮಗಳೇ, ಷೆಡ್ಡಿನ ಕೆಲಸ ಮುಗೀತು. ನಾಳೆ ಬೆಳಗಾದ್ರೆ ನಾನು ಉತ್ತರದ ಕಡೆ ಹೊರಟೆ. ಇನ್ಯಾವಾಗ ನೋಡ್ತೀನೋ ಇವನ್ನ. ಒಂದೇ ಒಂದು ಗಳಿಗೆ ಒಳಗೆ ಬಿಡು."

"ಆಗಲ್ಲ ಬಾರ್ನಿ. ಅಲ್ಲಿಂದಲೇ ಮಾತಾಡಿ."

"ನನ್ನ ಕಿವಿ ಮಂದ. ಅವನಿಗೆ ಕೂಗೋ ಶಕ್ತಿ ಇಲ್ಲ. ಹೆಂಗಮ್ಮಾ ಮಾತಾಡೋದು?"

ಹೆಸ್ಟರ್ ಡೇರೆಯತ್ತ ತಿರುಗಿದಳು. ಬಾರ್ನಿಯನ್ನು ಕಂಡು ಕ್ಲೆಮ್‌ನ ಬತ್ತಿದ ಮುಖದಲ್ಲಿ ಎಂಥ ನಗು ಅರಳಿತ್ತೆಂದರೆ, ಅವಳು ಸೋತಳು. ಹಗ್ಗ ಎತ್ತಿ ಹಿಡಿದಳು. ಅವರಿಬ್ಬರನ್ನೇ ಬಿಟ್ಟದ್ದು, ಹೊಲಸಾದ ಹೊದಿಕೆಗಳನ್ನು ಕ್ರಿಮಿನಾಶಕ ಕಾರ್ಬಾಲಿಕ್ ನೀರಿನ ತೊಟ್ಟಿಗೆ ಹಾಕಿ ಬರುವಷ್ಟೇ ಹೊತ್ತು.

ವಾಪಸು ಬಂದಾಗ ಬಾರ್ನಿ ಹಗ್ಗದ ಆಚೆ ಬೇಲಿಯ ಹತ್ತಿರ ಕುದುರೆ ಬಿಚ್ಚುತ್ತಿದ್ದ. ಥರ್ಮಾಮೀಟರ್ ಇಡಲು ಹೆಸ್ಟರ್ ಬಗ್ಗಿದಳು. ಕ್ಲೆಮ್‌ನ ಉಸಿರಿನಲ್ಲಿ ಕುರಿಯ ಕೊಬ್ಬು, ಕರಿಮೆಣಸಿನ ವಾಸನೆ. ದಿಂಬಿನ ಅಂಚಿನಲ್ಲಿ ಹೊಂಬಣ್ಣದ ಒಂದು ಚೂರು, ಮಾಂಸ ತುಂಬಿ ಬೇಯಿಸುವ ಪೈ ಎಂಬ ಕಡುಬಿನ ಮೇಲ್ಪದರದ್ದು.

ಅವಳು ಥರ್ಮಾಮೀಟರ್ ಕೆಳಗಿಟ್ಟಳು.

"ಏನು ತಿಂದ್ರಿ?"

"ಏನೂ ಇಲ್ಲ."

"ಮಿಸ್ಟರ್ ರಾಫರ್ಟಿ, ಏನು ತಿಂದ್ರಿ?"

"ಹಾಲು. ನೀವೇ ಕುಡಿಸಿದ್ದು."

"ಸುಳ್ಳು ಹೇಳ್ಬೇಡ!" ಅವಳ ಬಾಯಿಂದ ಏಕವಚನ ತಾನಾಗಿಯೇ ಬಂದಿತ್ತು. "ಎಷ್ಟು ತಿಂದೆ? ಒಂದು ತುತ್ತಾ? ಅರ್ಧನಾ?"

ಕ್ಲೆಮ್‌ನ ನಗು ಮಾಯವಾಗಿತ್ತು. "ಅರ್ಧ. ಕಣ್ಣೆದುರು ಹಿಡಿದ. ತಡ್ಕೊಳ್ಳೋಕಾಗ್ಲಿಲ್ಲ," ಎಂದ. ಅವಳು ಎದ್ದು ನಿಂತಾಗ ಮಣಿಕಟ್ಟು ಹಿಡಿದುಕೊಂಡ. "ಎಲ್ಲಿಗೆ?"

"ಮೇಟ್ರನ್ ಹತ್ರ."

"ಬೇಡ. ಒಳಗೆ ಬಿಟ್ಟಿದ್ದು ನೀನು ಅಂತ ಗೊತ್ತಾದ್ರೆ ಇವತ್ತೇ ನಿನ್ನ ಟೋಪಿ ಕಿತ್ಕೊಂಡು ಕಳಿಸ್ತಾಳೆ. ಇನ್ನೆರಡು ತಿಂಗಳಿಗೆ ತರಬೇತಿ ಮುಗಿಯುತ್ತೆ ಅಂತ ನೀನೇ ಹೇಳಿದ್ಯಲ್ಲ. ನನಗೇನೂ ಆಗಿಲ್ಲ ನೋಡು, ಗಟ್ಟಿಯಾಗಿದ್ದೀನಿ. ನೋವು ಬಂದ್ರೆ ಆಗ ಹೇಳೋಣ."

"ನೋವು ಬಂದ ಮೇಲೆ ಹೇಳಿ ಏನೂ ಪ್ರಯೋಜನ ಇಲ್ಲ."

"ಹೆಸ್ಟರ್..."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅವಳು ಅದನ್ನೇ ನೆನೆದು ನೆನೆದು ಹಿಗ್ಗುತ್ತಿದ್ದಳು. ಈಗ ಅಳು ಬಂತು. ಮೂರು ವರ್ಷ ಮಲದ ಬೋಗುಣಿ ತೊಳೆದು, ಮಂಡಿಯೂರಿ ನೆಲ ಒರೆಸಿ, ಅಪ್ಪನ ಹಾಲಿನ ಡೈರಿಗೆ ಸೋತು ವಾಪಸು ಹೋಗಬಾರದೆಂದು ಹಲ್ಲು ಕಚ್ಚಿ ಕಲಿತ ವಿದ್ಯೆ ಅದು. ಅದನ್ನು ಉಳಿಸಲು ಈ ಮೂರ್ಖ ತನ್ನ ಜೀವವನ್ನೇ ಪಣಕ್ಕಿಡುತ್ತಿದ್ದ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಲುಗಾಡ್ಬೇಡ. ಮಗ್ಗುಲೂ ತಿರುಗ್ಬೇಡ," ಎಂದವಳೇ ಓಡಿದಳು. ಆಸ್ಪತ್ರೆಯಲ್ಲಿ ನರ್ಸುಗಳು ಓಡಬಾರದೆಂಬ ನಿಯಮವಿತ್ತು.

ಮೇಟ್ರನ್ ಮಿಸ್ ಡನ್‌ಲಾಪ್ ಕಬ್ಬಿಣದ ಸರಳಿನ ಹಾಗೆ ನೆಟ್ಟಗೆ ನಿಂತು ಎಲ್ಲ ಕೇಳಿಸಿಕೊಂಡಳು.

"ಯಾರು ಒಳಗೆ ಬಿಟ್ಟಿದ್ದು?"

"ನಾನೇ."

"ಯಾಕೆ?"

ಪಾಪ ಅನ್ನಿಸಿತು ಎನ್ನಬಹುದಿತ್ತು. "ಅವರು ನಗೋದು ನೋಡ್ಬೇಕು ಅನ್ನಿಸ್ತು," ಎಂದುಬಿಟ್ಟಳು ಹೆಸ್ಟರ್.

ಮೇಟ್ರನ್ ಅವಳನ್ನು ದಿಟ್ಟಿಸಿದಳು. ಆ ನೋಟದಿಂದ ಏನನ್ನೂ ಮುಚ್ಚಿಡಲಾಗುತ್ತಿರಲಿಲ್ಲ. "ಟೋಪಿ, ಏಪ್ರನ್ ತೆಗೆದಿಟ್ಟು ಹೋಗು. ನೀನಿನ್ನು ಇಲ್ಲಿ ನರ್ಸ್ ಅಲ್ಲ," ಎಂದು, ಕರುಳು ಅಲುಗದಂತೆ ತಡೆಯುವ ಅಫೀಮಿನ ಸೀಸೆ ಹಿಡಿದು ಡೇರೆಯತ್ತ ದಾಪುಗಾಲು ಹಾಕಿದಳು.

ಡಾಕ್ಟರ್ ಲಿಡೆಲ್ ದೂರದ ಕುರಿಫಾರಮ್ಮಿಗೆ ಹೆರಿಗೆಗೆಂದು ಹೋಗಿದ್ದರು. ಕರೆತರಲು ಹೊರಟವನು ಬಾರ್ನಿಯೇ. ವಿಷಯ ಕೇಳಿ ಮುದುಕ ಮಗುವಿನಂತೆ ಅತ್ತ. "ಬರೀ ಹಾಲು ಕುಡಿಸಿ ಸಾಯಿಸ್ತಿದ್ದಾರೆ ಅನ್ಕೊಂಡೆ ಮಗಳೇ. ಗಂಡಸಿಗೆ ಹಾಲು ಸಾಕಾ? ನನ್ನ ಕೈಯಾರೆ ಮಾಡಿದ ಪೈ..." ಮಾತು ಮುಗಿಸಲಾರದೆ ಕುದುರೆ ಹತ್ತಿದ.

ಹೆಸ್ಟರ್ ತನ್ನ ಕಂದು ಬಣ್ಣದ ಹತ್ತಿಯ ಅಂಗಿ ತೊಟ್ಟು ಬಂದು ಹಗ್ಗದ ಆಚೆ ನಿಂತಳು. ಡೇರೆಯ ಬಾಗಿಲಿನಲ್ಲಿ ಕಾಣುತ್ತಿದ್ದುದು ಅವನ ಪಾದಗಳು ಮಾತ್ರ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಆ ಪಾದಗಳು ಸೆಟೆದುಕೊಂಡವೇ ಎಂದು ಕಣ್ಣು ಮಿಟುಕಿಸದೆ ನೋಡಿದಳು. ಕರುಳು ಹರಿದರೆ ಮೊದಲು ಚಾಕು ಹಾಕಿದಂಥ ನೋವು, ಆಮೇಲೆ ಬೆವರು, ಆಮೇಲೆ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ತಿಳಿಯದವಳಾಗಿದ್ದರೆ ದೇವರೇ ಎಂದು ಕೈಮುಗಿದು ನಿಲ್ಲಬಹುದಿತ್ತು. ಅವಳಿಗೆ ಎಲ್ಲ ತಿಳಿದಿತ್ತು, ಅದೇ ಅವಳ ಶಿಕ್ಷೆಯಾಗಿತ್ತು.

ಮೇಟ್ರನ್ ಹೊರಗೆ ಬಂದಳು. "ಹೊಟ್ಟೆನೋವು ಅಂತಿದ್ದಾನೆ. ವಾಯುವೋ ಏನೋ. ಅಪಾಯ ಅಂತಲೇ ತಿಳ್ಕೋಬೇಕು."

"ನನ್ನ ಒಳಗೆ ಬಿಡಿ."

"ಆಗಲ್ಲ. ಈಗ ನೀನು ಹೊರಗಿನವಳು. ಸಂಬಂಧಿಕರಿಗೆ ಮಾತ್ರ ಅನುಮತಿ. ನೀನು ಅವನಿಗೆ ಏನಾಗಬೇಕು?"

ಹೆಸ್ಟರ್ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೆಂಡತಿ ಆಗೋಳು."

"ಯಾವಾಗ ನಿಶ್ಚಯ ಆಯ್ತು ಇದು?"

"ಈಗ."

ಡೇರೆಯೊಳಗಿಂದ ಕ್ಷೀಣವಾದ ದನಿ ಬಂತು. "ನನಗೂ ಈಗಲೇ ಗೊತ್ತಾಗಿದ್ದು, ಮೇಟ್ರನ್. ಆದ್ರೆ ನಿಜ."

"ನೀನು ಬಾಯಿ ಮುಚ್ಚಿ ಮಲಗು!" ಎಂದು ಮೇಟ್ರನ್ ಒಳಗಿನವನನ್ನು ಗದರಿದಳು. ಆಮೇಲೆ ಡೇರೆಯೊಳಗೆ ತೊಡುವ ಒಂದು ಗೌನನ್ನು ಹೆಸ್ಟರಳ ಕಡೆಗೆ ಎಸೆದಳು. "ಹಾಕ್ಕೋ. ಕೈ ತೊಳ್ಕೊಂಡು ಹೋಗು. ನರ್ಸಿನ ಕೆಲಸಕ್ಕೆ ಕೈ ಹಾಕೀಯ ಜೋಕೆ. ಸಂಬಂಧಿಕರು ಕೂತ್ಕೋಬೇಕು, ಅಷ್ಟೇ."

ಹೆಸ್ಟರ್ ಕೂತಳು. ಅವನ ಕೈ ಹಿಡಿದುಕೊಂಡಳು. ಹಿಡಿದದ್ದು ಪ್ರೀತಿಗೇ ಆದರೂ ಬೆರಳುಗಳು ತಾವಾಗಿಯೇ ನಾಡಿಯ ಮೇಲೆ ಹೋಗಿ ಕೂತವು. ನಾಡಿ ವೇಗವಾಗಿತ್ತು. ವೇಗವಾಗಿದ್ದರೂ ತಪ್ಪುತ್ತಿರಲಿಲ್ಲ.

"ನೋವು ಎಲ್ಲಿ?" ಪಿಸುಮಾತಿನಲ್ಲಿ ಕೇಳಿದಳು.

"ಎಡಗಡೆ. ಬಂದು ಹೋಗುತ್ತೆ." ಅವನ ಹಣೆಯ ಮೇಲೆ ಬೆವರು ಸಣ್ಣಗೆ ಮೂಡಿತ್ತು. "ಹೆಸ್ಟರ್, ನನಗೆ ಭಯ ಆಗ್ತಿದೆ."

"ನನಗೂ."

"ಧೈರ್ಯ ಹೇಳ್ಬೇಕು ನೀನು."

"ಇದ್ರೆ ತಾನೇ ಹೇಳೋದು?"

ಅವನು ಕಣ್ಣು ಮುಚ್ಚಿಕೊಂಡೇ ಸ್ವಲ್ಪ ನಕ್ಕ. "ಜ್ವರದಲ್ಲಿ ನಾನು ಏನಾದ್ರೂ ಬಡಬಡಿಸಿದ್ನಾ?"

"ಮದುವೆ ಆಗ್ತೀಯಾ ಅಂತ ಕೇಳಿದೆ."

"ನೀನೇನಂದೆ?"

"ಬಾಯಿಗೆ ಥರ್ಮಾಮೀಟರ್ ಇಟ್ಟೆ."

"ಅಯ್ಯೋ ಪಾಪಿ."

"ನಗಿಸ್ಬೇಡ ನನ್ನ. ಹೊಟ್ಟೆ ಅಲುಗಿಸ್ಬೇಡ. ಸುಮ್ನಿರು." ಅವನ ಅಂಗೈಗೆ ಹಣೆ ಒತ್ತಿಕೊಂಡಳು. ಈ ಕೈ ತಣ್ಣಗಾದರೆ ತಾನು ಹೇಗೆ ಬದುಕುವುದು ಎನ್ನುವುದು ಅವಳಿಗೆ ನಿಜಕ್ಕೂ ಹೊಳೆಯಲಿಲ್ಲ. ಎಷ್ಟೋ ಸಾವು ನೋಡಿದ್ದಳು, ಒಂದೂ ಅವಳ ಸ್ವಂತದವರದಾಗಿರಲಿಲ್ಲ.

ಹೊತ್ತು ಮುಳುಗುವಾಗ ಡಾಕ್ಟರರ ಗಾಡಿ ಬಂತು. ಧೂಳು ಮೆತ್ತಿದ ಕೋಟನ್ನೂ ಕಳಚದೆ ಅವರು ಕ್ಲೆಮ್‌ನ ಹೊಟ್ಟೆಯ ಮೇಲೆ ಕೈಯಿಟ್ಟರು. ಒಂದೊಂದು ಬೆರಳಾಗಿ ಒತ್ತಿದರು. ಹೆಸ್ಟರ್ ಅವರ ಕೈ ನೋಡಲಿಲ್ಲ, ಮುಖ ನೋಡಿದಳು.

"ಸದ್ಯಕ್ಕೆ ಮೆತ್ತಗಿದೆ. ನಾಳೆ ಮಧ್ಯಾಹ್ನದ ತನಕ ನಾನೇನೂ ಹೇಳಲಾರೆ. ಬೇಗ ತಿಳಿಸಿದ್ರಿ, ಅಲುಗಾಡದ ಹಾಗೆ ಮಲಗಿಸಿದ್ರಿ. ಅಷ್ಟು ಮಾಡೋದು ನಮ್ಮ ಕೈಲಿತ್ತು."

ಆ ರಾತ್ರಿಯ ಬಗ್ಗೆ ಹೆಸ್ಟರ್ ಮುಂದೆ ಯಾವತ್ತೂ ಯಾರ ಹತ್ತಿರವೂ ಮಾತಾಡಲಿಲ್ಲ. ಬೆಳಕು ಹರಿದಾಗ ಕ್ಲೆಮ್ ನಿದ್ದೆ ಮಾಡುತ್ತಿದ್ದ. ಅವಳು ಅವನ ಎದೆ ಏರಿಳಿಯುವುದನ್ನೇ ನೋಡುತ್ತ, ಅದು ಇಳಿದಾಗಲೆಲ್ಲ ಮತ್ತೆ ಏರುತ್ತದೋ ಇಲ್ಲವೋ ಎಂದು ಉಸಿರು ಹಿಡಿಯುತ್ತಿದ್ದಳು. ಹಗ್ಗದ ಆಚೆ ಬಾರ್ನಿ ನೆಲದ ಮೇಲೆ ಕೂತಿದ್ದ. ಉತ್ತರಕ್ಕೆ ಹೋಗಿರಲಿಲ್ಲ.

ಮಧ್ಯಾಹ್ನದ ಬಿಸಿಲೇರಿದ ಮೇಲೆ ಡಾಕ್ಟರು ಬಂದು ಮತ್ತೆ ಒತ್ತಿ ನೋಡಿದರು. ಈ ಸಲ ತುಂಬ ಹೊತ್ತು ನೋಡಿದರು. ಆಮೇಲೆ ಮೇಟ್ರನ್ನಿನ ಜೊತೆ ಹೊರಗೆ ಹೋದರು. ತಗ್ಗಿದ ದನಿಯಲ್ಲಿ ಮಾತು. ಡಾಕ್ಟರರ ಹೆಜ್ಜೆ ದೂರವಾಯಿತು.

ಮೇಟ್ರನ್ ಒಬ್ಬಳೇ ಒಳಗೆ ಬಂದಳು. ಆ ಮುಖದಲ್ಲಿ ಯಾವತ್ತೂ ಏನೂ ಕಾಣುತ್ತಿರಲಿಲ್ಲ.

"ಗೌನು ಬಿಚ್ಚು," ಎಂದಳು ಮೇಟ್ರನ್. "ಹೊರಗೆ ನಡಿ."

"ಇಲ್ಲ ಮೇಟ್ರನ್, ದಮ್ಮಯ್ಯ ಅಂತೀನಿ. ಕೊನೇ ತನಕ ಇರ್ತೀನಿ. ನಿಮಗೆ..."

"ಏನು ಕೊನೆ? ಅಪಾಯ ಇಲ್ಲದ ರೋಗಿ ಹತ್ರ ಸಂಬಂಧಿಕರಿಗೇನು ಕೆಲಸ? ಹೊರಗೆ ನಡಿ ಅಂದೆ."

ಹೆಸ್ಟರ್‌ಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ, "ಇನ್ನೊಂದ್ಸಲ ಹೇಳಿ," ಎಂದಳು.

"ಹೊರಗೆ ನಡಿ, ಹುಡುಗೀ," ಎಂದಳು ಮೇಟ್ರನ್ ಮೆಲ್ಲಗೆ. "ಕೆಲಸಕ್ಕೆ ಮಾತ್ರ ಮತ್ತೆ ಕರೀತೀನಿ ಅನ್ಕೋಬೇಡ. ನಾನು ಕರೆಯಲ್ಲ."

ಅದು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ವರ್ಷ ಹೋಯಿತು. ಹೋದರೆ ಹೋಗಲಿ ಎನ್ನುವ ಧೈರ್ಯ ಅವಳಿಗೆ ಆಗ ಎಲ್ಲಿಂದಲೋ ಬಂತು. ಕ್ಲೆಮ್ ಎಚ್ಚರವಾಗಿದ್ದ. ಅವಳು ಗೌನು ಬಿಚ್ಚುವುದನ್ನು, ಹೋಗಲಾರದೆ ಹೋಗುವುದನ್ನು, ಬಾಗಿಲಲ್ಲಿ ತಿರುಗಿ ನೋಡುವುದನ್ನು ಕಣ್ತುಂಬ ನೋಡಿದ.

ಹಗ್ಗ ದಾಟಿದ ಮೇಲೆ ಅವಳು ಬಾರ್ನಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಬದುಕಿದ," ಎಂದಳು. ಮುದುಕ ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

ಡೇರೆಯಿಂದ ಕ್ಲೆಮ್ ಕಷ್ಟಪಟ್ಟು ದನಿ ಎತ್ತಿದ. "ಹೆಸ್ಟರ್! ಎಚ್ಚರ ಇದ್ದಾಗ ನಾನಿನ್ನೂ ಕೇಳೇ ಇಲ್ಲ! ಈಗ ಕೇಳ್ತೀನಿ..."

ಹೆಸ್ಟರ್ ಧಡಕ್ಕನೆ ಎದ್ದು ನಿಂತಳು. ಕಲ್ಲುಕಟ್ಟಡದ ಕಿಟಕಿಗಳಲ್ಲಿ ನರ್ಸುಗಳು, ರೋಗಿಗಳು, ಅಡುಗೆಯವಳು ಇಣುಕುತ್ತಿದ್ದರು. ಅವಳಿಗೆ ಯಾರ ಪರಿವೆಯೂ ಇರಲಿಲ್ಲ.

"ಕೂಗ್ಬೇಡ್ವೋ, ಹೊಟ್ಟೆ!" ಎಂದು ಇಡೀ ವಿಲ್ಗಾರಾಕ್ಕೆ ಕೇಳುವ ಹಾಗೆ ಕೂಗಿದಳು. "ಹೂಂ ಅಂದೆ ಕಣೋ! ಹೂಂ! ಸುಮ್ನೆ ಮಲಗು!"