ಎರಡು ಕದಗಳ ನಡುವಿನ ನೀರು

“ನಡುವೆ ಕೂತ್ಕೊಳ್ರಿ ಟೀಚರ್. ಅಂಚಿಗೆ ಕೂತ್ರೆ ಹರಿಗೋಲು ಮುನಿಸ್ಕೊಳ್ತೈತೆ.”

ಬಾಲರಾಜು ತೇಜಶ್ರೀಗೆ ಹೇಳಿದ ಮೊದಲ ಮಾತು ಇದೇ ಎನ್ನುತ್ತಾರೆ ಸಿದ್ದಾಪುರದ ಕಡೆಯವರು. ಆಕೆ ಕಾಲಿಡುವ ಮೊದಲೇ ಹೇಳಿದನೆಂದು ಕೆಲವರು. ಮುಗ್ಗರಿಸಿ ಅವನ ತೋಳು ಹಿಡಿದ ಮೇಲೆ ಎಂದು ಕೆಲವರು. ತೋಳು ಹಿಡಿದದ್ದರ ಬಗ್ಗೆ ಮಾತ್ರ ಯಾರಿಗೂ ಸಂಶಯವಿಲ್ಲ.

ಆ ವರ್ಷದ ಮಳೆಗೆ ಹಳೆಯ ಕಾಲುವೆ ತುಂಬಿ, ಅಂಗನವಾಡಿಯ ಹಾದಿ ಮುಳುಗಿತ್ತು. ಅಲ್ಲಿನ ಟೀಚರ್ ತೇಜಶ್ರೀ ದಿನವೂ ಹರಿಗೋಲು ಏರಬೇಕಾಯಿತು. ಅದನ್ನು ನಡೆಸಲು ಆಂಧ್ರದ ಗಡಿಯ ಹೊಳೆದಂಡೆಯಿಂದ ಬಂದವನು ಬಾಲರಾಜು.

ಕಾಲುವೆಯ ನಡುವೆ ಒಂದು ಕಲ್ಲಿನ ತೊಟ್ಟಿ. ಅದಕ್ಕೆ ಎರಡು ಮರದ ಕದಗಳು. ಹರಿಗೋಲು ಒಳಗೆ ಬಂದೊಡನೆ ಹಿಂದಿನ ಕದ ಮುಚ್ಚುತ್ತಿತ್ತು. ಮೇಲಿನ ನೀರು ಒಳಗಿಳಿದಂತೆ ಹರಿಗೋಲು ಮೆಲ್ಲಗೆ ಏರುತ್ತಿತ್ತು. ಒಳಗೂ ಮುಂದೂ ನೀರು ಸಮವಾದ ಮೇಲಷ್ಟೇ ಮುಂದಿನ ಕದ ತೆರೆಯುತ್ತಿತ್ತು.

ಆ ಕಾಯುವ ಹೊತ್ತು... ಪಾಚಿಗಟ್ಟಿದ ಗೋಡೆ ಕೆಳಗೆ ಜಾರುತ್ತಿತ್ತು, ಆಕಾಶ ಹತ್ತಿರವಾಗುತ್ತಿತ್ತು. ತಾನು ಎಲ್ಲಿಗೆ ಹೊರಟವಳೆಂಬುದೇ ಆಕೆಗೆ ಮರೆಯುತ್ತಿತ್ತು.

ಅಷ್ಟರಲ್ಲಿ ಪರಶುರಾಂಪುರದ ಗಂಡಿನ ಕಡೆಯವರು ಬಂದು ತೇಜಶ್ರೀಯನ್ನು ನೋಡಿ ಹೋದರು. ಮನೆಯಲ್ಲಿ ಒಪ್ಪಿಗೆಗೆ ಒತ್ತಾಯ. ಅಂದು ಸಂಜೆ, ಆಕೆಯನ್ನು ಇಳಿಸಿ ಹೊರಟಿದ್ದ ಬಾಲರಾಜುವಿನ ಬೆನ್ನಿಗೆ ಆಕೆ ದಡದಿಂದಲೇ ಕೂಗಿ ಕೇಳಿದಳು: ತಾನು ಒಪ್ಪಲೇ, ಬೇಡವೇ?

ಅವನು ತಿರುಗಲಿಲ್ಲ. ಹುಟ್ಟು ಹಾಕುತ್ತಾ ಹೋಗಿಯೇಬಿಟ್ಟ.

‘ಇವನಿಗೆ ಇಷ್ಟೇನಾ ನಾನು...?’

ಮನೆಗೆ ಹೋದವಳೇ ಒಪ್ಪಿಗೆ ಎಂದುಬಿಟ್ಟಳು. ಮರುದಿನ ಮಧ್ಯಾಹ್ನ ಪರಶುರಾಂಪುರಕ್ಕೆ ಫೋನ್ ಮಾಡುವುದೆಂದು ಅಪ್ಪ ಗಾದ್ರಪ್ಪ ನಿಶ್ಚಯಿಸಿದರು.

ಬೆಳಿಗ್ಗೆ ಆಕೆ ಹರಿಗೋಲಿನಲ್ಲಿ ಮುಖ ತಿರುಗಿಸಿ ಕೂತಳು. ಕದ ಕಾಯುವ ಯತ್ತಪ್ಪ ಹಿಂದಿನ ಕದ ಮುಚ್ಚಿದ. ನೀರು ಏರತೊಡಗಿತು.

“ನಿನ್ನೆ ನೀವು ಕೇಳಿದ್ದು ಕೇಳಿಸ್ತು,” ಎಂದ ಬಾಲರಾಜು.

“ಕೇಳಿಸಿಯೂ ತಿರುಗಲಿಲ್ಲ.”

“ದಡ ಬಿಟ್ಟ ಮೇಲೆ ಹಿಂದಿನಿಂದ ಕರೆದ್ರೆ ನಮ್ಮೋರು ತಿರುಗಲ್ಲ ಟೀಚರ್. ತಿರುಗಿದ್ರೆ ಕರೆದೋರು ನೀರುಪಾಲಾಗ್ತಾರೆ ಅಂತ ನಮ್ಮಜ್ಜಿ ಹೇಳ್ತಿತ್ತು. ಸುಳ್ಳೇ ಇರಬಹುದು... ನಿಮ್ಮನ್ನಿಟ್ಟು ಪರೀಕ್ಷೆ ಮಾಡೋ ಧೈರ್ಯ ನನಗಿರಲಿಲ್ಲ. ಆಚೆ ದಡ ಮುಟ್ಟಿ ವಾಪಸ್ ಬಂದೆ. ನೀವು ಹೋಗಿದ್ರಿ.”

ತೇಜಶ್ರೀ ಅವನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

“ಈಗ ಎದುರಿಗೇ ಇದ್ದೀನಿ. ಹೇಳ್ರಿ.”

“ಒಪ್ಪಬೇಡಿ. ಸಂಜೆ ನಮ್ಮವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ.”

ಆಕೆ ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ, ಪರಶುರಾಂಪುರಕ್ಕೆ ಏನೂ ಹೇಳಬೇಡಿರೆಂದಳು, ಕಾರಣವನ್ನೂ ಮುಚ್ಚಿಡಲಿಲ್ಲ. ಬರಲಿ, ಮಾತಾಡೋಣ ಎಂದರಂತೆ ಗಾದ್ರಪ್ಪ.

ಮೇಲಿನಿಂದ ಯತ್ತಪ್ಪನ ದನಿ ಕೇಳಿತು. “ಲೇ ಬಾಲ, ನೀರು ಸಮ ಆಗಿ ಎಷ್ಟೊತ್ತಾತು. ಹೊರಡ್ತೀಯೋ, ಅಲ್ಲೇ ಸಂಸಾರ ಹೂಡ್ತೀಯೋ?”

“ಏನು ಹೇಳ್ಲಿ?” ಎಂದ ಬಾಲರಾಜು, ಮೆಲ್ಲಗೆ.

“ಇನ್ನೊಂದು ಗಳಿಗೆ ಕದ ತೆಗೀಬೇಡ ಅನ್ರಿ...”