ಹದಿನೇಳನೇ ನಂಬರಿನ ಆರು ನಿಮಿಷ

"ಒಂದೇ ಒಂದು ಮಹಡಿಗೆ ಲಿಫ್ಟಾ? ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ ಮೇಡಂ... ಆದ್ರೆ ಮೆಟ್ಟಿಲು ಹತ್ತೋಷ್ಟು ಆಗಲ್ಲ."

ನಡಿಗೆ, ವ್ಯಾಯಾಮಗಳಿಂದ ಮುಪ್ಪನ್ನು ಎಷ್ಟು ದೂರ ತಳ್ಳಬಹುದು ಎಂದು ಸಂಶೋಧನೆ ನಡೆಸುವ ಕಟ್ಟಡದಲ್ಲಿ ಇಂಥ ಮಾತು! ಅವಳು ಅಲ್ಲಿನ ಮುಖ್ಯ ಸಂಶೋಧಕಿ. ಅವನು ಅಂಕಿಅಂಶ ನೋಡಲು ಹೊಸದಾಗಿ ಬಂದವನು. ವಯಸ್ಸು ನಲವತ್ತು ಮುಟ್ಟಿರಲಿಲ್ಲ, ಹೊಟ್ಟೆ ಮಾತ್ರ ಐವತ್ತು ದಾಟಿತ್ತು. ಇಟ್ಟ ಕಡೆ ಬಿದ್ದಿರುವವನಿಗೆ ಅವಳು ಅಂದೇ 'ಗೋಣಿಚೀಲ' ಎಂದು ಹೆಸರಿಟ್ಟಳು.

ಮೂರು ತಿಂಗಳು ಬೈದದ್ದೇ ಬೈದದ್ದು. ಅವನು ನಕ್ಕದ್ದೇ ನಕ್ಕದ್ದು. ಅವಳು ಊಟ ಮರೆತ ದಿನ ತನ್ನ ಡಬ್ಬಿಯನ್ನು ಅವಳ ಮೇಜಿಗೆ ತಳ್ಳುತ್ತಿದ್ದ. ತಿಂದು, ಬಾಯಿ ಒರೆಸಿಕೊಂಡು, ಮತ್ತೆ ಬೈಯುತ್ತಿದ್ದಳು ಪುಣ್ಯಾತ್ಗಿತ್ತಿ! ಅವನು ರಜೆ ಹಾಕಿದರೆ ಅವಳಿಗೆ ಬೇಜಾರು. ಒಪ್ಪಿಕೊಳ್ಳಲು ಸೊಕ್ಕು ಬಿಡಬೇಕಲ್ಲ!

ಅಂತಿಮ ವರದಿ ಒಪ್ಪಿಸಲು ಎರಡೇ ದಿನವಿತ್ತು. ನಡಿಗೆ ಪರೀಕ್ಷೆಗೆ ಬರುವ ಹಿರಿಯರ ಪಟ್ಟಿಯಿಂದ ಅವನು ಹದಿನೇಳನೇ ನಂಬರನ್ನು ತೆಗೆದುಹಾಕಿದ್ದ.

ಹದಿನೇಳು ಎಂದರೆ ಅವಳ ಅಪ್ಪ. ಅಮ್ಮ ತೀರಿಕೊಂಡ ಮೇಲೆ ಕುರ್ಚಿ ಹಿಡಿದು ಕೂತಿದ್ದ ಅಪ್ಪ. ಆರು ತಿಂಗಳ ಹಿಂದೆ ಆರು ನಿಮಿಷಕ್ಕೆ ಮುನ್ನೂರು ಮೀಟರ್ ನಡೆದವರು, ಈಗ ನಾನೂರ ಹತ್ತು! ಅಪ್ಪ ಮತ್ತೆ ಗಟ್ಟಿಯಾದರು ಎನ್ನಲು ಅವಳ ಬಳಿ ಇದ್ದದ್ದು ಅದೊಂದೇ ಅಂಕಿ.

"ಯಾಕೆ ತೆಗೆದ್ರಿ?"

"ಆ ಅಳತೆ ಸರಿಯಿಲ್ಲ ಮೇಡಂ."

"ನಡೆಯೋಕೆ ಕೈಲಾಗದವರಿಗೆ ನಡೆಯೋರನ್ನ ಕಂಡ್ರೆ ಹೊಟ್ಟೆಕಿಚ್ಚು!"

ಅವನು ಮೊದಲ ಬಾರಿಗೆ ನಗಲಿಲ್ಲ. ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

"ಇದು ಹದಿನೇಳರ ಕೈಪಟ್ಟಿ ಎಣಿಸಿದ ಹೆಜ್ಜೆ. ಇದು ನಿಮ್ಮ ಕೈಪಟ್ಟಿಯದ್ದು. ಆರು ನಿಮಿಷವೂ ಎರಡರದ್ದೂ ಒಂದೇ ವೇಗ. ನೀವು ಪಕ್ಕದಲ್ಲೇ ನಡೆದಿದ್ದೀರಿ."

ಪರೀಕ್ಷೆ ಮಾಡುವವರು ಹಿಂದೆ ಇರಬೇಕು. ಪಕ್ಕದಲ್ಲಿ ನಡೆದರೆ ಮುದುಕರು ಅವರ ವೇಗಕ್ಕೆ ಹೆಜ್ಜೆ ಹಾಕಿಬಿಡುತ್ತಾರೆ. ಈ ನಿಯಮ ಬರೆದು ಗೋಡೆಗೆ ಅಂಟಿಸಿದ್ದು ಯಾರು? ಇದೇ ಮಹಾತಾಯಿ! ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

"ಅಪ್ಪ ವಾಲಿದ್ರು... ಬಿದ್ದುಬಿಡ್ತಾರೆ ಅಂತ..."

"ನಿಮ್ಮಪ್ಪನಾ?" ಅವನ ದನಿ ಮೆತ್ತಗಾಯಿತು. "ನಂಗೆ ಗೊತ್ತಿರ್ಲಿಲ್ಲ. ನಾಳೆ ಮತ್ತೆ ಅಳೆಯೋಣ. ಬಂದದ್ದು ಬರೆಯೋಣ. ಹಿಂದೆ ನಾನಿರ್ತೀನಿ."

ಮರುದಿನ ಅಪ್ಪ ಉದ್ದನೆಯ ಮೊಗಸಾಲೆಯಲ್ಲಿ ಒಬ್ಬರೇ ನಡೆದರು. ಎರಡು ಸಲ ಗೋಡೆ ಹಿಡಿದರು. ಅವಳು ಬೆಂಚಿನ ಅಂಚು ಬಿಗಿಯಾಗಿ ಹಿಡಿದು ಕೂತೇ ಇದ್ದಳು. ಏಳಲಿಲ್ಲ.

ಇನ್ನೂರ ತೊಂಬತ್ತು ಮೀಟರ್. ಮೊದಲಿಗಿಂತ ಹತ್ತು ಕಡಿಮೆ!

"ದಿನಾ ನಡೀತೀನಿ ಅಂದಿದ್ರಲ್ಲ ಅಪ್ಪಾ?"

"ಗೇಟಿನ ತನಕ ಹೋಗಿ ವಾಪಸ್ ಬರ್ತಿದ್ದೆ ಕಣಮ್ಮಾ. ಒಬ್ನೇ ಎಲ್ಲಿಗೆ ಹೋಗ್ಲಿ? ಆವತ್ತು ನೀನು ಪಕ್ಕದಲ್ಲಿದ್ದೆ... ಹೋಗ್ತಾನೇ ಇರೋಣ ಅನ್ನಿಸ್ತು."

ಊರವರ ಹೆಜ್ಜೆಯನ್ನೆಲ್ಲ ಎಣಿಸಿದವಳು ಹೆತ್ತ ಅಪ್ಪನ ಜೊತೆ ಒಂದು ಸಂಜೆ ನಡೆದಿರಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ತಾನೇ ಇನ್ನೂರ ತೊಂಬತ್ತು ಎಂದು ಬರೆದಳು. "ಇವತ್ತಿಂದ ದಿನಾ ಸಂಜೆ ಒಟ್ಟಿಗೆ ನಡೆಯೋಣ ಅಪ್ಪಾ" ಎಂದಳು.

"ಸಂಜೆ ನಾನೂ ಬರ್ಲಾ?" ಬೆವರೊರೆಸಿಕೊಳ್ಳುತ್ತಾ ಕೇಳಿದ ಗೋಣಿಚೀಲ.

"ಬಾರಪ್ಪಾ!" ಅಪ್ಪ ನಕ್ಕರು. "ನನಗಿಂತ ನಿಧಾನ ಇರೋನು ಈಗ ಸಿಕ್ಕಿದ್ದಾನೆ."

ಅಪ್ಪ ನೀರು ಕುಡಿಯಲು ಆಚೆ ಹೋದಾಗ ಅವಳು ಮೆಲ್ಲಗೆ ಕೇಳಿದಳು. "ಅಪ್ಪನಿಗೋಸ್ಕರ ಬರ್ತೀರಾ?"

"ಅಷ್ಟೊಂದು ಒಳ್ಳೆಯವನಲ್ಲ ನಾನು. ನಿಮಗೋಸ್ಕರ. ನೀವಂದ್ರೆ ನಂಗೆ ಪ್ರಾಣ."

"ಅಷ್ಟು ಬೈದಿದ್ದೀನಲ್ಲ..."

"ಬೈಯೋಕಾದ್ರೂ ನನ್ನ ಮೇಜಿನ ತನಕ ಬರ್ತಿದ್ರಲ್ಲ!"

"ಥೂ, ಸೋಮಾರಿ!" ಅಳುವಿನಲ್ಲೇ ಅವಳಿಗೆ ನಗು ಬಂತು. "ನೀವು ಬರದ ದಿನ ನಂಗೆ ಊಟಾನೇ ಸೇರಲ್ಲ, ಗೊತ್ತಾ? ನಮ್ಮನೆ ದಾರಿ ಏರು. ನೋಡ್ಕೊಳ್ಳಿ."

"ಏರಾ?! ಕೈ ಹಿಡ್ಕೋತೀರಾ ಹಾಗಾದ್ರೆ?"

"ಹಿಡ್ಕೋತೀನಿ... ಬಿಡಲ್ಲ."