ಬ್ಲಾಗಿನ ಅಂಚಿನಲ್ಲಿ ಇಪ್ಪತ್ತು ದಿನ

"ನನ್ನ ಮೀನುಗಳನ್ನ ಕೊಂದಿದ್ದು ನೀವೇನಾ?"

ಐದನೇ ತರಗತಿಯ ಟೀಚರ್ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಹೊಸದಾಗಿ ಬಂದಿದ್ದ ಕಂಪ್ಯೂಟರ್ ಮೇಷ್ಟ್ರು ತಲೆಯೆತ್ತಿ ನೋಡಿದ.

"ನಿಮ್ಮ ಬ್ಲಾಗಿನ ಪಕ್ಕದಲ್ಲಿ ಈಜಾಡ್ತಿದ್ದವಾ? ಹೌದು, ನಾನೇ ತೆಗೆದೆ. ಗಡಿಯಾರ, ಉದುರೋ ನಕ್ಷತ್ರ... ಅವನ್ನೂ."

ಅವಳಿಗೆ ಮೈಯೆಲ್ಲ ಉರಿದುಹೋಯಿತು! ತರಗತಿಯ ಬ್ಲಾಗ್ ಅಂದರೆ ಅವಳ ಕೂಸು. ಅದರ ಬಲ ಅಂಚಿನ ಒಂದೊಂದು ವಿಜೆಟ್ಟನ್ನೂ, ಆ ಪುಟ್ಟ ಪುಟ್ಟ ಪೆಟ್ಟಿಗೆಗಳನ್ನು, ಮಕ್ಕಳ ಜೊತೆ ಕೂತು ಆರಿಸಿದ್ದಳು.

"ಒಂದು ಮಾತು ಕೇಳೋಕಾಗ್ತಿರಲಿಲ್ವಾ?"

"ಕೇಳಬೇಕಿತ್ತು. ತಪ್ಪಾಯ್ತು," ಅಂದ ಅವನು ಮೆಲ್ಲಗೆ. "ಕಾಲಿಗೆ ಆಪರೇಷನ್ ಆಗಿ ಮನೆಯಲ್ಲಿದ್ದಾಳಲ್ಲ ನಿಮ್ಮ ಕ್ಲಾಸಿನ ಹುಡುಗಿ, ಅವಳ ತಾಯಿ ಬೆಳಗ್ಗೆ ಬಂದಿದ್ರು. ಅವರ ಹಳೇ ಫೋನಲ್ಲಿ ಪುಟ ತೆರೆಯೋದೇ ಇಲ್ಲವಂತೆ. ಅಲಂಕಾರದ ಭಾರಕ್ಕೆ..."

ಅವಳ ಕೋಪ ಜರ್ರನೆ ಇಳಿಯಿತು. 'ಅಯ್ಯೋ... ಯಾರಿಗಾಗಿ ದಿನಾ ಪಾಠ ಬರೆದು ಹಾಕಿದೆನೋ ಅವಳೇ ಓದಿಲ್ಲ!'

ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಒಂದೇ ಪರದೆಯ ಮುಂದೆ. ಅವನು 'ಹೊಸ ಪ್ರತಿಕ್ರಿಯೆಗಳು' ಅನ್ನುವ ಪೆಟ್ಟಿಗೆ ಕೂರಿಸಿದ. ಮರುದಿನವೇ ಅದರಲ್ಲಿ ಹುಡುಗಿಯ ಸಾಲು: "ನನ್ನ ಜಾಗದಲ್ಲಿ ಯಾರೂ ಕೂತ್ಕೋಬೇಡಿ!"

ಟೀಚರ್ ಕಣ್ಣು ತುಂಬಿ ಬಂತು. ಅವನು ನೋಡಿಯೂ ನೋಡದವನಂತೆ ಕಿಟಕಿ ತೆರೆಯಲು ಎದ್ದುಹೋದ.

'ಎಷ್ಟು ನಾಜೂಕಿನ ಮನುಷ್ಯ...' ಅನ್ನಿಸಿತು ಅವಳಿಗೆ.

ಎರಡು ತಿಂಗಳಾಯಿತು. ಹುಡುಗಿ ಶಾಲೆಗೆ ಬರಬಹುದು ಅಂದರು ಡಾಕ್ಟರ್. ಅವಳಿಗೆ ಗೊತ್ತಾಗದ ಹಾಗೆ ಸ್ವಾಗತ ಮಾಡೋಣ ಅಂತ ಮಕ್ಕಳ ಹಟ. ಟೀಚರ್ ತಾನೇ ದಿನ ಎಣಿಸುವ ವಿಜೆಟ್ ಹಾಕಿದಳು. ಯಾತಕ್ಕೆ ಅಂತ ಬರೆಯಲಿಲ್ಲ, ತರಗತಿಯ ಹೊರಗೆ ಯಾರಿಗೂ ಹೇಳಲೂ ಇಲ್ಲ. 'ಇನ್ನು ಇಪ್ಪತ್ತು ದಿನ' ಅಷ್ಟೇ.

ಮರುದಿನದಿಂದ ಅವನು ಬದಲಾಗಿಬಿಟ್ಟ!

"ಕೆಲಸ ಇದೆ ಮೇಡಂ," ಅನ್ನುವನು. ಕಣ್ಣೆತ್ತಿಯೂ ನೋಡನು. 'ನಾನೇನು ಮಾಡಿದೆ?' ಅಂತ ಒಳಗೊಳಗೇ ಕೊರಗಿದಳು. ವಾರ ಕಳೆಯುವಷ್ಟರಲ್ಲಿ ಅವನು ಇನ್ನೊಂದು ಶಾಖೆಗೆ ವರ್ಗ ಕೇಳಿದ್ದಾನೆಂದು ಹೆಡ್‌ಮಿಸ್ ಹೇಳಿದರು.

ಕೊನೆಯ ಗಂಟೆ ಹೊಡೆದದ್ದೇ ತಡ, ನೆಟ್ಟಗೆ ಲ್ಯಾಬಿಗೆ ನಡೆದಳು.

"ಹೇಳದೆ ಕೇಳದೆ ಹೊರಟುಬಿಟ್ರಾ?"

"ನೀವೂ ಹೊರಡ್ತೀರಲ್ಲ... ಇನ್ನು ಹನ್ನೆರಡು ದಿನಕ್ಕೆ."

"ನಾನಾ? ಎಲ್ಲಿಗೆ?"

"ನಿಮ್ಮ ಮದುವೆ... 'ಮದುವೆ ಹುಡುಗಿ ಬ್ಲಾಗಲ್ಲಿ ದಿನ ಎಣಿಸ್ತಿದ್ದಾಳೆ, ಊಟ ಖಂಡಿತ' ಅಂದ್ರು ಗಣಿತದ ಮೇಡಂ."

ಅವಳಿಗೆ ನಗು, ಅಳು ಒಟ್ಟಿಗೇ ಬಂತು.

"ಅದು ನಮ್ಮ ಹುಡುಗಿ ಶಾಲೆಗೆ ವಾಪಸ್ ಬರೋ ದಿನ ಕಣ್ರೀ! ಗಣಿತದ ಮೇಡಂಗೆ ಮದುವೆ ಬಿಟ್ಟು ಬೇರೆ ಲೆಕ್ಕವೇ ಬರಲ್ಲ!"

ಅವನು ಕುರ್ಚಿಯಲ್ಲಿ ಕುಸಿದು ಕೂತ. ಮುಖ ಕೆಂಪಾಗಿತ್ತು.

"ಅರ್ಜಿ ವಾಪಸ್ ತಗೋತೀನಿ. ಆದರೆ ಹೆಡ್‌ಮಿಸ್ ಕಾರಣ ಕೇಳ್ತಾರೆ... ಏನಂತ ಹೇಳಲಿ?"

"ನಿಜ ಹೇಳಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಆದರೆ ಮೊದಲು ನನಗೆ ಹೇಳಿ."

"ನೀವಿಲ್ಲದ ಕಡೆ ನನಗೆ ಇರೋಕಾಗಲ್ಲ."

"ಇಷ್ಟು ಹೇಳೋಕೆ ಎರಡು ತಿಂಗಳು ಬೇಕಾಯ್ತಾ?"

"ನೀವು ಕೇಳಿದ್ದೇ ಇವತ್ತು..."

ಅವಳು ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಸರಿ, ಇನ್ನೊಂದು ಸಲ ಹೇಳಿ."